ಗರ್ಭದೊಳಗಿನ ಹಿಮ್ಮೇಳ



ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ. ಈ ಊರುಗಳ ಹೆಸರು ಕೇಳಿದರೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವರಿಗೆ ಗೇರುಗುಡ್ಡೆ ನೆನಪಾಗುತ್ತದೆ, ಗುಡ್ಡೆಯ ನೆತ್ತಿಯ ಮೇಲೆ ಮದ್ದು ಬಿಡುತ್ತ ಹಾರಿದ ಹೆಲಿಕಾಪ್ಟರು ನೆನಪಾಗುತ್ತದೆ, ಆಮೇಲೆ ಅಲ್ಲಿನ ಮನೆಗಳ ಊನವಿರುವ ಮಕ್ಕಳು ನೆನಪಾಗುತ್ತಾರೆ. ಆ ಮದ್ದಿನ, ಅಂದರೆ ಎಂಡೋಸಲ್ಫಾನ್ ಎಂಬ ಕೀಟನಾಶಕದ ಬಗ್ಗೆ ನಾವು ಬೇಕಾದಷ್ಟು ಕೇಳಿದ್ದೇವೆ. ಪ್ರತಿಭಟನೆಯ ಸುದ್ದಿ ಕೇಳಿದ್ದೇವೆ, ಕೋರ್ಟಿನ ಆದೇಶ ಕೇಳಿದ್ದೇವೆ, ಮಾಸಾಶನದ ಲೆಕ್ಕಾಚಾರ ಕೇಳಿದ್ದೇವೆ. ಹುಟ್ಟಿನಿಂದಲೇ ಬರುವ ಊನಗಳು ಎಲ್ಲಿ ಮೂಡುತ್ತವೋ ಆ ಜಾಗದ, ಅಂದರೆ ತಾಯಿಯ ಗರ್ಭದೊಳಗಿನ ಮೊದಲ ಕೆಲವು ವಾರಗಳ ವಿಚಾರ ಮಾತ್ರ ನಮ್ಮ ಮಾತಿಗೆ ಬಂದದ್ದು ಕಡಿಮೆ. ಇವತ್ತು ಅದನ್ನು ಹೇಳಬೇಕೆಂದು ಬಂದಿದ್ದೇನೆ.

ಹೇಳಲೇಬೇಕು ಎನ್ನಿಸುವುದಕ್ಕೆ ಒಂದು ಕಾರಣವಿದೆ. ಬಂಟ್ವಾಳವಿರಲಿ, ಮೂಡುಬಿದಿರೆಯಿರಲಿ, ಊನವಿರುವ ಮಗು ಹುಟ್ಟಿದ ಮನೆಯಲ್ಲಿ ಮೊದಲ ಪ್ರಶ್ನೆ ಹೋಗುವುದು ತಾಯಿಯ ಕಡೆಗೆ. ಬಸುರಿಯಲ್ಲಿ ಏನು ತಿಂದೆ, ಗ್ರಹಣದ ದಿನ ಅಂಗಳಕ್ಕೆ ಇಳಿದೆಯಾ, ಯಾವ ಹರಕೆ ಮರೆತೆ? ಆಮೇಲೆ ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡುತ್ತಾರೆ, ನಾಗದೋಷ ಕಾಣುತ್ತದೆ, ಪರಿಹಾರ ನಡೆಯುತ್ತದೆ. ಯಾರ ನಂಬಿಕೆಯನ್ನೂ ಆಕ್ಷೇಪಿಸಲು ನಾನು ಬಂದಿಲ್ಲ. ಎಲ್ಲ ಮುಗಿದ ಮೇಲೂ ಆ ಹೆಂಗಸು ತಪ್ಪಿತಸ್ಥೆಯ ಹಾಗೆ ಮನೆಯ ಮೂಲೆಯಲ್ಲಿ ಉಳಿದುಬಿಡುತ್ತಾಳಲ್ಲ, ಅದು ನನಗೆ ಸಂಕಟದ ವಿಷಯ. ಜೀವಶಾಸ್ತ್ರ ಕಲಿಸುವವನಾಗಿ ನಾನು ಅವಳಿಗೆ ಹೇಳಬಹುದಾದ ಮಾತು ಒಂದಿದೆ. ಆ ಮಾತಿಗೆ ಆಧಾರವಾಗಿರುವುದು ಬರಿಗಣ್ಣಿಗೆ ಕಾಣದ ಕೆಲವು ಪ್ರೋಟೀನುಗಳು.

ನಮ್ಮ ಊರುಗಳ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದಿದ ಎಲ್ಲರೂ ಕೋಳಿ ಭ್ರೂಣದ ಸ್ಲೈಡುಗಳನ್ನು ನೋಡಿರುತ್ತಾರೆ. 24 ಗಂಟೆ, 33 ಗಂಟೆ, 48 ಗಂಟೆ, 72 ಗಂಟೆ ಎಂದು ಚೀಟಿ ಅಂಟಿಸಿದ ಗಾಜಿನ ಪಟ್ಟಿಗಳು. ನಡುವೆ ಕೆಂಪು ಬಣ್ಣ ಹಾಕಿ ಕೂರಿಸಿದ, ಉಗುರಿಗಿಂತ ಸಣ್ಣದಾದ ಒಂದು ಭ್ರೂಣ. ಪರೀಕ್ಷೆಗೆ ಚಿತ್ರ ಬರೆದು ಹೆಸರು ಗುರುತಿಸಿ ಮುಗಿಸುತ್ತೇವೆ. ಒಮ್ಮೆ ಅವನ್ನು ಸಾಲಾಗಿ ಇಟ್ಟು ನಿಧಾನವಾಗಿ ನೋಡಬೇಕು. 24 ಗಂಟೆಯದ್ದರಲ್ಲಿ ಬೆನ್ನಿನ ಉದ್ದಕ್ಕೆ ಒಂದು ಗೆರೆ, ಅದರ ಎರಡು ಬದಿಗೆ ಕೆಲವೇ ಜೋಡಿ ಗಂಟುಗಳು. 33 ಗಂಟೆಯದ್ದರಲ್ಲಿ ತಲೆಯ ಭಾಗ ಉಬ್ಬಿದೆ, ಅದರ ಕೆಳಗೆ ಹೃದಯವಾಗಲಿರುವ ಸಣ್ಣ ಕೊಳವೆ ಒಂದು ಬದಿಗೆ ಬಾಗಿದೆ. 48ರಲ್ಲಿ ಕಣ್ಣಿನ ಬಟ್ಟಲು ಕಾಣುತ್ತದೆ. 72ರಲ್ಲಿ ಪಕ್ಕೆಯಿಂದ ನಾಲ್ಕು ಸಣ್ಣ ಉಬ್ಬುಗಳು ಹೊರಟಿವೆ, ಮುಂದಿನ ಎರಡು ರೆಕ್ಕೆಯಾಗುತ್ತವೆ, ಹಿಂದಿನ ಎರಡು ಕಾಲಾಗುತ್ತವೆ. ಮೂರು ದಿನ ಅಷ್ಟೇ. ಮೊಟ್ಟೆ ಒಡೆದು ಮರಿ ಬರುವುದಕ್ಕೆ ಇನ್ನೂ 18 ದಿನ ಬಾಕಿ ಇರುವಾಗಲೇ ದೇಹದ ದೊಡ್ಡ ತೀರ್ಮಾನಗಳು ಆಗಿಹೋಗಿವೆ.

ಮನುಷ್ಯರಲ್ಲಿ ಇದೇ ಕೆಲಸಕ್ಕೆ ಸ್ವಲ್ಪ ಹೆಚ್ಚು ದಿನ ಬೇಕು. ಗರ್ಭ ಕಟ್ಟಿದ ಸುಮಾರು 22ನೇ ದಿನಕ್ಕೆ ಹೃದಯ ಮಿಡಿಯಲು ತೊಡಗುತ್ತದೆ. 28ನೇ ದಿನದೊಳಗೆ ಮೆದುಳು ಮತ್ತು ಬೆನ್ನುಹುರಿಯಾಗುವ ನರಕೊಳವೆ ಎರಡೂ ತುದಿಯಲ್ಲಿ ಮುಚ್ಚಿಕೊಳ್ಳಬೇಕು. ಕೈಕಾಲುಗಳ ಮೊಳಕೆ ಹೊರಡುವುದೂ ಅದೇ ಹೊತ್ತಿಗೆ. 28ನೇ ದಿನ ಅಂದರೆ ತಿಂಗಳು ತಪ್ಪಿ ಎರಡು ವಾರ. ಎಷ್ಟೋ ಹೆಂಗಸರಿಗೆ ಇನ್ನೂ ಅನುಮಾನ ಮಾತ್ರ ಇರುವ ಸಮಯ. ಆಶಾ ಕಾರ್ಯಕರ್ತೆಗೆ ತಿಳಿಸಿ, ತಾಯಿ ಕಾರ್ಡ್ ಮಾಡಿಸಿ, ಮೊದಲ ತಪಾಸಣೆಗೆ ಹೋಗುವ ಮೊದಲೇ ಈ ಕೆಲಸಗಳೆಲ್ಲ ಮುಗಿದಿರುತ್ತವೆ. ತಾಯಿಯನ್ನು ದೂರುವವರು ಈ ಲೆಕ್ಕವನ್ನು ಮೊದಲು ನೋಡಬೇಕು. ತನಗೇ ಗೊತ್ತಿಲ್ಲದ ಬಸುರಿಯಲ್ಲಿ ಅವಳು ಎಚ್ಚರಿಕೆ ತಪ್ಪಿದ್ದೆಲ್ಲಿ?

ಈಗ ಆ ತೀರ್ಮಾನಗಳನ್ನು ಮಾಡುವವರು ಯಾರು ಎಂಬ ಪ್ರಶ್ನೆ. ನಮ್ಮ ದೇಹದ ಒಂದೊಂದು ಜೀವಕೋಶದಲ್ಲೂ ಸುಮಾರು 20,000 ಪ್ರೋಟೀನುಗಳಿಗೆ ಬೇಕಾದ ಜೀನುಗಳಿವೆ. ಕಣ್ಣಿನ ಕೋಶದಲ್ಲಿರುವ ಜೀನುಗಳೇ ಕಾಲಿನ ಕೋಶದಲ್ಲೂ ಇವೆ. ಕಣ್ಣು ಕಣ್ಣಾಗುವುದು, ಕಾಲು ಕಾಲಾಗುವುದು ಯಾವ ಜೀನು ಯಾವಾಗ ಕೆಲಸಕ್ಕೆ ಇಳಿಯುತ್ತದೆ, ಯಾವುದು ಸುಮ್ಮನಿರುತ್ತದೆ ಎಂಬುದರಿಂದ. ಜೀನಿನ ಪಕ್ಕದಲ್ಲಿ ಹೋಗಿ ಕೂತು ಅದನ್ನು ಎಬ್ಬಿಸುವ ಅಥವಾ ಅಡಗಿಸುವ ಪ್ರೋಟೀನುಗಳಿವೆ, ಅವುಗಳನ್ನು ನಿಯಂತ್ರಕ ಪ್ರೋಟೀನು ಎನ್ನೋಣ. ಬಹಳ ಕಾಲ ವಿಜ್ಞಾನಿಗಳು ಈ ನಿಯಂತ್ರಕಗಳೇ ಎಲ್ಲವನ್ನೂ ಮಾಡುತ್ತವೆ ಎಂದುಕೊಂಡಿದ್ದರು. ಹಾಗಲ್ಲ ಎಂದು ತಿಳಿದದ್ದು ಕಳೆದ ಮೂವತ್ತು ಚಿಲ್ಲರೆ ವರ್ಷಗಳಲ್ಲಿ. ನಿಯಂತ್ರಕ ಪ್ರೋಟೀನಿಗೆ ಜೊತೆಗಾರರು ಬೇಕು. ಇವು ತಾವಾಗಿ ಜೀನನ್ನು ಮುಟ್ಟುವುದಿಲ್ಲ, ನಿಯಂತ್ರಕದ ಮೈಗೆ ಅಂಟಿಕೊಂಡು ಅದರ ಕೆಲಸ ನಡೆಸಿಕೊಡುತ್ತವೆ. ಕೋಫ್ಯಾಕ್ಟರ್ ಎಂದು ಇವುಗಳ ಹೆಸರು. ಸಹಕಾರಿ ಪ್ರೋಟೀನುಗಳು ಎಂದು ನಾನು ಹೇಳುತ್ತೇನೆ.

ನಮಗೆ ಇದನ್ನು ತಿಳಿಯಲು ಯಕ್ಷಗಾನ ಸಾಕು. ವೇಷ ಕಟ್ಟಿ ರಂಗಕ್ಕೆ ಬಂದ ಮಾತ್ರಕ್ಕೆ ಆಟ ನಡೆಯುವುದಿಲ್ಲ. ಹಿಂದೆ ಭಾಗವತರು ಪದ ಎತ್ತಬೇಕು, ಮದ್ದಳೆ, ಚೆಂಡೆ, ಚಕ್ರತಾಳ ಕೂಡಬೇಕು. ಅದೇ ವೇಷ, ಅದೇ ಕಿರೀಟ, ಹಿಮ್ಮೇಳ ಬದಲಾದರೆ ಯುದ್ಧದ ಕುಣಿತ ಹೋಗಿ ಶೋಕದ ನಿಲುವು ಬರುತ್ತದೆ. ನಿಯಂತ್ರಕ ಪ್ರೋಟೀನೂ ಹೀಗೆಯೇ. ಒಂದು ಬಗೆಯ ಸಹಕಾರಿ ಕೂಡಿದರೆ ಜೀನು ಏಳುತ್ತದೆ, ಇನ್ನೊಂದು ಬಗೆಯದು ಕೂಡಿದರೆ ಅದೇ ಜೀನು ಮಲಗುತ್ತದೆ.

ಇದು ನಡೆಯುವ ಬಗೆಯೂ ತಿಳಿದಿದೆ. ಡಿಎನ್ಎ ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡಿರುತ್ತದೆ. ಬಿಗಿ ಇದ್ದಲ್ಲಿ ಜೀನನ್ನು ಓದಲಾಗದು. ಎಬ್ಬಿಸುವ ಸಹಕಾರಿಗಳು ಹಿಸ್ಟೋನಿಗೆ ಅಸಿಟೈಲ್ ಎಂಬ ಸಣ್ಣ ರಾಸಾಯನಿಕ ತುಂಡನ್ನು ಅಂಟಿಸುತ್ತವೆ, ಸುತ್ತು ಸಡಿಲವಾಗುತ್ತದೆ. ಮಲಗಿಸುವ ಸಹಕಾರಿಗಳು ಆ ತುಂಡನ್ನು ಕಿತ್ತುಹಾಕುವ ಕಿಣ್ವವನ್ನು ಕರೆತರುತ್ತವೆ, ಸುತ್ತು ಮತ್ತೆ ಬಿಗಿಯುತ್ತದೆ. ಭ್ರೂಣದಲ್ಲಿ ಈ ಎರಡೂ ಕೆಲಸ ಗಳಿಗೆ ಗಳಿಗೆಗೂ ನಡೆಯುತ್ತಿರುತ್ತದೆ.

ಜೊತೆಗಾರ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹೃದಯದ ಉದಾಹರಣೆ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಹೃದಯ ಕಟ್ಟುವ ನಿಯಂತ್ರಕಗಳಲ್ಲಿ ಗಾಟಾ-4 ಎಂಬುದೊಂದು. ಅದಕ್ಕೆ ಫಾಗ್-2 ಎಂಬ ಸಹಕಾರಿ. 2000ದಲ್ಲಿ ವಿಜ್ಞಾನಿಗಳು ಫಾಗ್-2 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಗಾಟಾ-4 ಇದ್ದೇ ಇತ್ತು, ಆದರೂ ಭ್ರೂಣಗಳು ಹೃದಯ ಕೆಟ್ಟು ಗರ್ಭದಲ್ಲೇ ಸತ್ತವು. ಗೋಡೆಯಲ್ಲಿ ರಂಧ್ರ, ರಕ್ತನಾಳಗಳ ಸ್ಥಾನ ತಪ್ಪು, ಹೃದಯಕ್ಕೇ ರಕ್ತ ಕೊಡುವ ನಾಳಗಳು ಮೂಡಿಯೇ ಇರಲಿಲ್ಲ. ಮರುವರ್ಷ ಇನ್ನೂ ಸೂಕ್ಷ್ಮವಾದ ಪ್ರಯೋಗ ಬಂತು. ಈ ಸಲ ಎರಡೂ ಪ್ರೋಟೀನುಗಳನ್ನು ಉಳಿಸಿಕೊಂಡು, ಗಾಟಾ-4ರ ಮೈಯಲ್ಲಿ ಫಾಗ್ ಅಂಟುವ ಜಾಗದ ಒಂದೇ ಒಂದು ಅಮೈನೋ ಆಮ್ಲವನ್ನು ಬದಲಿಸಿದರು. ಇಬ್ಬರೂ ಮನೆಯಲ್ಲೇ ಇದ್ದರು, ಕೈ ಹಿಡಿಯಲು ಮಾತ್ರ ಆಗಲಿಲ್ಲ. ಆ ಭ್ರೂಣಗಳೂ ಹೃದಯ ದೋಷದಿಂದ ಸತ್ತವು.

ಇನ್ನೊಂದು ಜೋಡಿ ಇದೆ, ಸಿಬಿಪಿ ಮತ್ತು ಪಿ-300. ಹಿಸ್ಟೋನಿಗೆ ಅಸಿಟೈಲ್ ಅಂಟಿಸುವ ದೊಡ್ಡ ಸಹಕಾರಿಗಳು ಇವು. ಪಿ-300 ಪೂರ್ತಿ ಇಲ್ಲದ ಇಲಿ ಭ್ರೂಣಗಳು 9ರಿಂದ 11ನೇ ದಿನದ ಆಸುಪಾಸಿನಲ್ಲಿ ನರಕೊಳವೆ ಮುಚ್ಚದೆ, ಹೃದಯ ಬೆಳೆಯದೆ ಸಾಯುತ್ತವೆ. ಪ್ರತಿ ಜೀನಿಗೂ ತಂದೆಯದೊಂದು, ತಾಯಿಯದೊಂದು ಎಂದು ಎರಡು ಪ್ರತಿಗಳಿರುತ್ತವೆ. ಪಿ-300ರ ಒಂದು ಪ್ರತಿ, ಸಿಬಿಪಿಯ ಒಂದು ಪ್ರತಿ ಹೋದರೂ, ಅಂದರೆ ಎರಡೂ ಅರ್ಧರ್ಧ ಉಳಿದಿದ್ದರೂ ಭ್ರೂಣ ಬದುಕುವುದಿಲ್ಲ. ಇರುವುದು ಮಾತ್ರ ಸಾಲದು, ಬೇಕಾದಷ್ಟು ಇರಬೇಕು. ಮನುಷ್ಯರಲ್ಲಿ ಸಿಬಿಪಿಯ ಒಂದು ಪ್ರತಿ ಕೆಟ್ಟಾಗ ರುಬಿನ್‌ಸ್ಟೈನ್–ಟೇಬಿ ಎಂಬ ಸ್ಥಿತಿ ಬರುತ್ತದೆ. ಅಗಲವಾದ ಹೆಬ್ಬೆರಳು, ಗಿಡ್ಡ ಮೈಕಟ್ಟು, ಕಲಿಕೆಯಲ್ಲಿ ತೊಡಕು. ಇಬ್ಬರು ವೈದ್ಯರು 1963ರಲ್ಲಿ ಇದನ್ನು ಗುರುತಿಸಿದರು, ಕಾರಣ ಸಿಬಿಪಿ ಎಂದು ತಿಳಿಯುವಾಗ 1995 ಆಯಿತು. ಹೆಚ್ಚಿನ ಮಕ್ಕಳಲ್ಲಿ ಈ ಬದಲಾವಣೆ ಹೊಸದಾಗಿ ಆಗಿರುತ್ತದೆ, ತಂದೆತಾಯಿಯಲ್ಲಿ ಇರುವುದಿಲ್ಲ. ಇಲ್ಲಿಯೂ ಯಾರನ್ನು ದೂರುವುದು?

ಇಷ್ಟು ಹೊತ್ತು ಹೇಳಿದ್ದು ಒಳಗಿನ ಕಾರಣಗಳು. ಹೊರಗಿನಿಂದ ಬರುವ ವಸ್ತು ಈ ಜೊತೆಗಾರಿಕೆಯನ್ನು ಕೆಡಿಸಬಲ್ಲುದೇ? ಕೆಡಿಸಬಲ್ಲುದು. ಇಡೀ ಜಗತ್ತು ಅದನ್ನು ಕಂಡದ್ದು ಥಾಲಿಡೋಮೈಡ್ ಮಾತ್ರೆಯಲ್ಲಿ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ನಿದ್ರೆಗೆಂದು, ಬಸುರಿಯರ ವಾಕರಿಕೆಗೆಂದು ಮಾರಾಟಕ್ಕೆ ಬಂತು. 1961ರ ಕೊನೆಗೆ ಹಿಂತೆಗೆದುಕೊಳ್ಳುವಷ್ಟರಲ್ಲಿ 10,000ಕ್ಕೂ ಹೆಚ್ಚು ಮಕ್ಕಳು ಕೈಕಾಲುಗಳು ಬೆಳೆಯದೆ ಹುಟ್ಟಿದ್ದರು. ಗರ್ಭ ಕಟ್ಟಿದ ಸುಮಾರು 20ನೇ ದಿನದಿಂದ 36ನೇ ದಿನದ ಒಳಗೆ ನುಂಗಿದವರ ಮಕ್ಕಳಿಗೆ ಮಾತ್ರ ಈ ಗತಿ. ಹೇಗೆ ಎಂಬುದು ತಿಳಿಯಲು ಅರ್ಧ ಶತಮಾನ ಹಿಡಿಯಿತು. 2010ರಲ್ಲಿ ಜಪಾನಿನ ವಿಜ್ಞಾನಿಗಳು ಆ ಮಾತ್ರೆ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟುತ್ತದೆ ಎಂದು ತೋರಿಸಿದರು. ಕೋಶದಲ್ಲಿ ಯಾವ ಪ್ರೋಟೀನನ್ನು ನಾಶಮಾಡಬೇಕು ಎಂದು ಗುರುತಿಸುವ ಕೆಲಸ ಸೆರೆಬ್ಲಾನಿನದು. ಮಾತ್ರೆ ಅಂಟಿದ ಮೇಲೆ ಅದು ತಪ್ಪು ಪ್ರೋಟೀನನ್ನು ಗುರುತಿಸುತ್ತದೆ. ಆ ತಪ್ಪು ಪ್ರೋಟೀನು ಸಾಲ್-4, ಕೈಕಾಲು ಬೆಳೆಸುವ ನಿಯಂತ್ರಕ, ಎಂದು 2018ರಲ್ಲಿ ಗೊತ್ತಾಯಿತು. 72 ಗಂಟೆಯ ಸ್ಲೈಡಿನಲ್ಲಿ ಕಾಣುವ ಆ ನಾಲ್ಕು ಉಬ್ಬುಗಳು ಬೆಳೆಯಬೇಕಾದ ಹೊತ್ತಿಗೆ ಸಾಲ್-4 ಇಲ್ಲವಾದರೆ ಉಬ್ಬು ಉಬ್ಬಾಗಿಯೇ ಉಳಿಯುತ್ತದೆ. ನಮ್ಮಲ್ಲಿ ಈ ಔಷಧಿ ಇಂದಿಗೂ ಕುಷ್ಠರೋಗದ ಒಂದು ಬಗೆಯ ತೀವ್ರ ಪ್ರತಿಕ್ರಿಯೆಗೆ ಮತ್ತು ಮಜ್ಜೆಯ ಕ್ಯಾನ್ಸರಿಗೆ ಬಳಕೆಯಲ್ಲಿದೆ, ಹಾಗಾಗಿ ಇದು ಮುಗಿದ ಕಥೆಯೇನಲ್ಲ.

ಇನ್ನು ಹಾರ್ಮೋನುಗಳ ವಿಚಾರ. ಎಂಡೋಸಲ್ಫಾನಿಗೆ ಬರಲು ಈ ದಾರಿ ಹಿಡಿಯಲೇಬೇಕು. ಗಂಡು ಭ್ರೂಣದಲ್ಲಿ 8ನೇ ವಾರದ ಹೊತ್ತಿಗೆ ವೃಷಣಗಳು ಟೆಸ್ಟೋಸ್ಟೆರೋನ್ ಹಾರ್ಮೋನನ್ನು ಸ್ರವಿಸತೊಡಗುತ್ತವೆ. ಕೋಶದೊಳಗೆ ಅದನ್ನು ಹಿಡಿಯುವ ಗ್ರಾಹಕ ಪ್ರೋಟೀನು ಇದೆ. ಹಾರ್ಮೋನು ಬಂದು ಕೂತ ಕೂಡಲೇ ಗ್ರಾಹಕದ ಆಕಾರ ಬದಲಾಗುತ್ತದೆ. ಅದರ ತುದಿಯ ಒಂದು ತುಂಡು, 12ನೇ ಸುರುಳಿ ಎಂದು ಕರೆಯುತ್ತಾರೆ, ಮಡಚಿ ಸರಿಯಾದ ಜಾಗದಲ್ಲಿ ಕೂರುತ್ತದೆ. ಆಗ ಎಬ್ಬಿಸುವ ಸಹಕಾರಿ ಬಂದು ಸೇರಲು ಅಲ್ಲೊಂದು ತಗ್ಗು ಸಿದ್ಧವಾಗುತ್ತದೆ. ಬೇರೆ ವಸ್ತು ಬಂದು ಹಾರ್ಮೋನಿನ ಜಾಗ ಹಿಡಿದರೆ ಆ ಮಡಿಕೆ ಸರಿಯಾಗದೆ ಇರಬಹುದು, ಎಬ್ಬಿಸುವವನ ಜಾಗದಲ್ಲಿ ಮಲಗಿಸುವವನು ಸೇರಬಹುದು. ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಈಸ್ಟ್ರೋಜನ್ ಗ್ರಾಹಕದಲ್ಲಿ ಕೆಲಸ ಮಾಡುವುದು ಹೀಗೆಯೇ. ಹಾರ್ಮೋನು ಗ್ರಾಹಕಗಳ ಈ ಸಹಕಾರಿಗಳಲ್ಲಿ ಮೊದಲಿನವು ಪತ್ತೆಯಾದದ್ದು 1995ರಲ್ಲಿ. ಎಬ್ಬಿಸುವ ಎಸ್‌ಆರ್‌ಸಿ-1 ಅಮೆರಿಕದ ಹ್ಯೂಸ್ಟನ್ನಿನಲ್ಲಿ ಬರ್ಟ್ ಓಮ್ಯಾಲಿಯವರ ಪ್ರಯೋಗಾಲಯದಲ್ಲಿ, ಮಲಗಿಸುವ ಎನ್‌ಕಾರ್ ಮತ್ತು ಸ್ಮರ್ಟ್ ಕ್ಯಾಲಿಫೋರ್ನಿಯದಲ್ಲಿ.

ಇದೆಲ್ಲ ಕಾಗದದ ಮೇಲೆ ಬರುವುದಕ್ಕೆ ಎಷ್ಟೋ ಮೊದಲು ನಮ್ಮ ಗಡಿಯಾಚೆ ಒಬ್ಬರು ಹಟ್ಟಿಯಲ್ಲಿ ಏನೋ ಕಂಡಿದ್ದರು. ಕಾಸರಗೋಡಿನ ಎಣ್ಮಕಜೆ ಪಂಚಾಯತಿಯ ಪಡ್ರೆ ಗ್ರಾಮ ಕನ್ನಡ, ತುಳು ಮಾತಾಡುವ ಊರು. ಅಲ್ಲಿನ ಪತ್ರಕರ್ತ, ಮುಂದೆ ಪುತ್ತೂರಿನ ಅಡಿಕೆ ಪತ್ರಿಕೆಯ ಸಂಪಾದಕರಾದ ಶ್ರೀಪಡ್ರೆಯವರು, ಊರಿನ ದನಗಳು ಕಾಲು ಸೊಟ್ಟಗಿರುವ ಕರು ಹಾಕುವುದನ್ನು ಗಮನಿಸಿದರು. ಸುತ್ತಲಿನ ಗೇರು ತೋಪುಗಳಿಗೆ ಆಕಾಶದಿಂದ ಬೀಳುತ್ತಿದ್ದ ಮದ್ದಿಗೂ ಇದಕ್ಕೂ ಸಂಬಂಧವಿರಬಹುದೇ ಎಂದು 1980ರ ಆಸುಪಾಸಿನಲ್ಲೇ ಬರೆದರು. ಕೇಳಿದವರು ಕಡಿಮೆ. ಆಮೇಲೆ ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ನರದ ತೊಂದರೆ, ಬುದ್ಧಿ ಬೆಳವಣಿಗೆಯ ತೊಂದರೆ ಒಂದೇ ಊರಿನಲ್ಲಿ ಇಷ್ಟೊಂದು ಯಾಕೆ ಎಂದು ಲೆಕ್ಕ ಇಡತೊಡಗಿದರು. ನನಗೆ ಈ ಇಬ್ಬರ ಮೇಲೂ ಬಹಳ ಗೌರವ. ಊರಲ್ಲೇ ಬದುಕುತ್ತ ಕಣ್ಣು ತೆರೆದು ನೋಡಿದವರು ಅವರು.

ಬಿದ್ದ ಮದ್ದು ಯಾವುದು, ಯಾಕೆ? ಗೇರು ಚಿಗುರಿ ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತಿಗೆ ಟೀ ಸೊಳ್ಳೆ ಎಂಬ ತಿಗಣೆಯ ಜಾತಿಯ ಕೀಟ ರಸ ಹೀರಿ ಚಿಗುರು, ಹೂಗೊಂಚಲುಗಳನ್ನು ಒಣಗಿಸುತ್ತದೆ. ಅದಕ್ಕೆ ವರ್ಷಕ್ಕೆ ಎರಡು ಮೂರು ಸಲ ಎಂಡೋಸಲ್ಫಾನ್. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ, ನಮ್ಮ ಕಡೆ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳಲ್ಲಿ 1980ರ ದಶಕದಿಂದ ಸುಮಾರು ಎರಡು ದಶಕ. ಬೆಳ್ತಂಗಡಿ, ಬಂಟ್ವಾಳ, ಪುತ್ತೂರು, ಸುಳ್ಯದ ಊರುಗಳಲ್ಲಿ ತೋಪು ಎಲ್ಲಿ ಮುಗಿಯುತ್ತದೆ, ಮನೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲಾಗದು. ಗುಡ್ಡೆಯ ಮೇಲೆ ಗೇರು, ಇಳಿಜಾರಿನಲ್ಲಿ ಮನೆ, ಕೆಳಗೆ ತೋಡು, ಅಡಿಕೆ ತೋಟ. ಮೇಲೆ ಬಿದ್ದದ್ದು ಬಾವಿಗೂ ತೋಡಿಗೂ ಇಳಿದೇ ಇಳಿಯುತ್ತದೆ. ಎಂಡೋಸಲ್ಫಾನ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವ ವಸ್ತು. ಅದು ಕೀಟವನ್ನು ಕೊಲ್ಲುವುದು ನರಗಳನ್ನು ಕೆಡಿಸಿ. ಅಷ್ಟರಲ್ಲೇ ನಿಲ್ಲುವುದಿಲ್ಲ ಎಂದು 1994ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಆನಾ ಸೋಟೊ ಮತ್ತು ಸಂಗಡಿಗರು ತೋರಿಸಿದರು. ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಮನುಷ್ಯ ಕೋಶಗಳಲ್ಲಿ ಅದು ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸಿತು, ನಿಜವಾದ ಹಾರ್ಮೋನಿಗಿಂತ ಎಷ್ಟೋ ಪಟ್ಟು ದುರ್ಬಲವಾಗಿ.

ಈಗ ಪಡ್ರೆಯ ಹುಡುಗರ ಅಧ್ಯಯನಕ್ಕೆ ಬರುತ್ತೇನೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಮದ್ದು ಸಿಂಪಡಣೆ ನಿಂತ ಮೇಲೆ ಬಂದು ಪಡ್ರೆಯ 117 ಹುಡುಗರನ್ನೂ, ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿದರು. ಎಲ್ಲರೂ 10ರಿಂದ 19 ವಯಸ್ಸಿನವರು. 2003ರಲ್ಲಿ ವರದಿ ಪ್ರಕಟವಾಯಿತು. ಹೆಲಿಕಾಪ್ಟರು ನಿಂತು ತಿಂಗಳುಗಳು ಕಳೆದಿದ್ದರೂ ಪಡ್ರೆಯ ಹುಡುಗರ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು, ಇನ್ನೊಂದು ಊರಿನವರದಕ್ಕಿಂತ ಹಲವು ಪಟ್ಟು ಹೆಚ್ಚು. ಅವರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಅದೇ ವರದಿಯ ಒಂದು ಸಾಲಿನಲ್ಲಿ ನನ್ನ ಕಣ್ಣು ನಿಲ್ಲುತ್ತದೆ. ವೃಷಣಗಳು ಕೆಳಗಿಳಿಯುವುದಕ್ಕೆ ಸಂಬಂಧಿಸಿದ ಹುಟ್ಟು ದೋಷಗಳು ಪಡ್ರೆಯಲ್ಲಿ ನೂರಕ್ಕೆ 5.1, ಇನ್ನೊಂದು ಊರಿನಲ್ಲಿ 1.1. ತಲೆ ಎಣಿಸಿದರೆ ಇಲ್ಲಿ 6 ಹುಡುಗರು, ಅಲ್ಲಿ 1.

ಗಂಡು ಭ್ರೂಣದ ವೃಷಣಗಳು ಹೊಟ್ಟೆಯೊಳಗೆ, ಮೂತ್ರಪಿಂಡದ ಹತ್ತಿರ ಮೂಡಿ, ಎರಡು ಹಂತದಲ್ಲಿ ಕೆಳಗಿಳಿಯುತ್ತವೆ. ಮೊದಲ ಹಂತ ಸುಮಾರು 10ರಿಂದ 15ನೇ ವಾರದಲ್ಲಿ, ಎರಡನೆಯದು ಏಳನೇ ತಿಂಗಳಿನ ಆಸುಪಾಸಿನಲ್ಲಿ. ಎರಡನೆಯ ಹಂತಕ್ಕೆ ಟೆಸ್ಟೋಸ್ಟೆರೋನ್, ಅದರ ಗ್ರಾಹಕ, ಗ್ರಾಹಕದ ಸಹಕಾರಿಗಳು ಎಲ್ಲ ಕೂಡಿ ಬರಬೇಕು. ಹಾರ್ಮೋನಿನ ವೇಷದ ಪರಕೀಯ ವಸ್ತು ನುಗ್ಗಿದರೆ ಕೆಡುವ ಜಾಗಗಳಲ್ಲಿ ಇದೂ ಒಂದು. ಹಾಗೆಂದು ಈ 6 ಹುಡುಗರ ಊನಕ್ಕೆ ಎಂಡೋಸಲ್ಫಾನೇ ಕಾರಣ ಎಂದು ಅಧ್ಯಯನ ಹೇಳಲಿಲ್ಲ. ಇಷ್ಟು ಸಣ್ಣ ಸಂಖ್ಯೆಯಲ್ಲಿ 6ಕ್ಕೂ 1ಕ್ಕೂ ಇರುವ ಅಂತರ ಆಕಸ್ಮಿಕವೂ ಇರಬಹುದು ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ, ವರದಿಯನ್ನು ಬರೆದವರೂ ಅದನ್ನು ಮುಚ್ಚಿಡಲಿಲ್ಲ. ಯಾವ ಮಗುವಿನ ಯಾವ ಊನ ಯಾವ ಹನಿಯಿಂದ ಬಂತೆಂದು ಯಾವ ಪ್ರಯೋಗಾಲಯವೂ ತೋರಿಸಲಾರದು. ಆ ವಾರ ಕಳೆದುಹೋಗಿರುತ್ತದೆ, ಆ ಅಣು ಹೋಗಿಬಿಟ್ಟಿರುತ್ತದೆ, ಗುರುತು ಮಾತ್ರ ಮೈಯಲ್ಲಿ ಉಳಿದಿರುತ್ತದೆ.

ಈ ಅನಿಶ್ಚಯವನ್ನು ಎರಡು ರೀತಿ ಬಳಸಬಹುದು. ಸಾಬೀತಾಗಿಲ್ಲ, ಹಾಗಾಗಿ ಸಿಂಪಡಿಸೋಣ ಎನ್ನುವುದು ಒಂದು. ಗರ್ಭದಲ್ಲಿ ಆದದ್ದನ್ನು ಆಮೇಲೆ ಸಾಬೀತು ಮಾಡುವುದು ಕಷ್ಟ, ಹಾಗಾಗಿ ಮೊದಲೇ ತಡೆಯೋಣ ಎನ್ನುವುದು ಇನ್ನೊಂದು. ಎರಡನೆಯದೇ ಸರಿ ಎಂದು ನಾನು ನಂಬಿದ್ದೇನೆ. ಕಾಸರಗೋಡು ಜಿಲ್ಲೆಯ ಪೆರಿಯದ ಕೃಷಿ ಇಲಾಖೆಯ ಉದ್ಯೋಗಿ ಲೀಲಾಕುಮಾರಿ ಅಮ್ಮ ಅದನ್ನೇ ನಂಬಿ ಕೋರ್ಟಿಗೆ ಹೋದರು, 2000ದಲ್ಲಿ ಹೊಸದುರ್ಗದ ಮುನ್ಸಿಫ್ ಕೋರ್ಟ್ ಅಲ್ಲಿನ ವೈಮಾನಿಕ ಸಿಂಪಡಣೆ ನಿಲ್ಲಿಸಿತು. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ದೇಶಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು, ಅದೇ ವರ್ಷ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ನೀಡಿತು. 2017ರ ಜನವರಿಯಲ್ಲಿ ಕೇರಳದ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶವಾಯಿತು.

ಆ ಮದ್ದು ಹೋಯಿತು, ಟೀ ಸೊಳ್ಳೆ ಹೋಗಿಲ್ಲ. ಬೇರೆ ಬೇರೆ ಮದ್ದುಗಳು ಬಂದಿವೆ. ಅಡಿಕೆ, ಗೇರು, ತರಕಾರಿಗೆ ಮದ್ದು ಬಿಡುವ ಮನೆಗಳ ಗಂಡಸರಲ್ಲಿ ನನ್ನದೊಂದು ವಿನಂತಿ. ಮದ್ದು ಬಿಟ್ಟು ಬಂದ ಅಂಗಿ, ಲುಂಗಿ, ತಲೆಗೆ ಕಟ್ಟಿದ ಬೈರಾಸು ನೀವೇ ಬೇರೆಯಾಗಿ ಒಗೆದುಹಾಕಿ, ಮನೆಯ ಹೆಂಗಸರ ಕೈಗೆ ಕೊಡಬೇಡಿ. ಪಂಪು ತೊಳೆದ ನೀರು ಬಾವಿಯ ಕಡೆಗೆ, ತೋಡಿನ ಕಡೆಗೆ ಹೋಗದಿರಲಿ. ಬಸುರಿ ಎಂದು ತಿಳಿದ ಮೇಲೆ ಎಚ್ಚರಿಸಿದರೆ ತಡವಾಯಿತು, ಮಗು ಬೇಕೆಂದಿರುವ ಮನೆಯಲ್ಲಿ ಮೊದಲಿನಿಂದಲೇ ಹೀಗಿರಲಿ.

ಮನೆಯ ಔಷಧಿ ಡಬ್ಬಿಯ ವಿಚಾರವೂ ಇದೇ. ಫಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್ ಎಂಬ ಮಾತ್ರೆ, ಹಿಸ್ಟೋನಿನಿಂದ ಅಸಿಟೈಲ್ ಕೀಳುವ ಕಿಣ್ವವನ್ನೇ ತಡೆಯುತ್ತದೆ ಎಂದು 2001ರಲ್ಲಿ ಗೊತ್ತಾಯಿತು. ಮಲಗಿಸುವ ಸಹಕಾರಿಗಳು ಕರೆತರುವ ಕಿಣ್ವ ಎಂದು ಹೇಳಿದೆನಲ್ಲ, ಅದು. ಮೊದಲ ವಾರಗಳಲ್ಲಿ ಇದನ್ನು ತೆಗೆದುಕೊಂಡ ತಾಯಂದಿರ ನೂರು ಮಕ್ಕಳಲ್ಲಿ ಒಂದಿಬ್ಬರಿಗೆ ನರಕೊಳವೆ ಮುಚ್ಚದ ದೋಷ ಬರುತ್ತದೆ. ಹಾಗೆಂದು ಯಾರೂ ಮಾತ್ರೆಯನ್ನು ತಾವಾಗಿ ನಿಲ್ಲಿಸಕೂಡದು, ಫಿಟ್ಸ್ ಬಂದರೆ ತಾಯಿಗೂ ಮಗುವಿಗೂ ಅಪಾಯ. ಮದುವೆ ನಿಶ್ಚಯವಾದಾಗಲೇ ವೈದ್ಯರಲ್ಲಿ ಕೇಳಿ ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಬಹುದು. ಹುಡುಗಿಗೆ ಫಿಟ್ಸ್ ಇದೆ ಎಂದು ಗಂಡಿನ ಮನೆಗೆ ಗೊತ್ತಾಗಬಾರದೆಂದು ಮುಚ್ಚಿಟ್ಟು ಮದುವೆ ಮಾಡುವ ನಮ್ಮ ಪದ್ಧತಿ ಇಲ್ಲಿ ಎಷ್ಟು ಕೆಡುಕು ಮಾಡುತ್ತದೆ ಎಂದು ಯೋಚಿಸಿ. ಮೊಡವೆಗೆ ಕೊಡುವ ಐಸೋಟ್ರೆಟಿನೊಯಿನ್ ಇನ್ನೊಂದು. ಅದು ಎ ವಿಟಮಿನ್ನಿನ ಬಳಗದ್ದು, ಭ್ರೂಣದ ಮುಖ, ಹೃದಯ, ಮೆದುಳನ್ನು ರೂಪಿಸುವ ಗ್ರಾಹಕಗಳನ್ನು ವೇಳೆಯಲ್ಲದ ವೇಳೆಯಲ್ಲಿ ಎಬ್ಬಿಸುತ್ತದೆ. ತೆಗೆದುಕೊಳ್ಳುವಷ್ಟು ಕಾಲ, ನಿಲ್ಲಿಸಿದ ಮೇಲೂ ಒಂದು ತಿಂಗಳು ಗರ್ಭ ಕಟ್ಟಬಾರದು. ಮೂಡುಬಿದಿರೆಯಂಥ ಕಾಲೇಜುಗಳ ಊರಿನಲ್ಲಿ ಗೆಳತಿಗೆ ಕೊಟ್ಟ ಚೀಟಿ ತೋರಿಸಿ ಈ ಕ್ಯಾಪ್ಸೂಲ್ ಕೊಳ್ಳುವುದು ಸರಿಯಲ್ಲ.

ಕಾಪಾಡುವ ಮಾತ್ರೆಯೂ ಒಂದಿದೆ, ಫೋಲಿಕ್ ಆಮ್ಲ. ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ಕಟ್ಟುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲಿನಿಂದ. ಹಿಂದೆ ನರಕೊಳವೆ ದೋಷದ ಮಗು ಹುಟ್ಟಿದ್ದ ತಾಯಂದಿರಲ್ಲಿ ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲ ಆ ದೋಷ ಮರುಕಳಿಸುವುದನ್ನು ನೂರಕ್ಕೆ 72ರಷ್ಟು ತಗ್ಗಿಸಿತು ಎಂದು 1991ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗ ತೋರಿಸಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಅದು ಸಿಗುವುದು ಮೂರನೇ ತಿಂಗಳಿಗೆ, ನರಕೊಳವೆ ಮುಚ್ಚಿಯೋ ಮುಚ್ಚದೆಯೋ ಬಹಳ ದಿನವಾದ ಮೇಲೆ. ಹೊಸದಾಗಿ ಮದುವೆಯಾದವರ ಮನೆಗೆ ಆಶಾ ಕಾರ್ಯಕರ್ತೆಯರು ಮೊದಲ ತಿಂಗಳೇ ಈ ಮಾತ್ರೆ ತಲುಪಿಸುವಂತಾಗಬೇಕು.

ಮಗು ಹುಟ್ಟಿದ ಮೇಲೆ ಮಾಡಬಹುದಾದದ್ದೂ ಇದೆ. ಗಂಡು ಮಗುವಿನ ವೃಷಣ ಆರು ತಿಂಗಳಾದರೂ ಕೆಳಗಿಳಿಯದಿದ್ದರೆ ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಆಗಬೇಕು. ಮಾಡಿಸಿದರೆ ಮುಂದೆ ಮಕ್ಕಳಾಗುವ ಸಾಧ್ಯತೆ ಉಳಿಯುತ್ತದೆ, ಕ್ಯಾನ್ಸರಿನ ಅಪಾಯವೂ ತಗ್ಗುತ್ತದೆ. ನಾಚಿಕೆಯಿಂದ ಮುಚ್ಚಿಟ್ಟು ಹದಿನೈದು ವರ್ಷಕ್ಕೆ ಕರೆತಂದರೆ ಆಗ ಮಾಡಲು ಹೆಚ್ಚೇನೂ ಉಳಿದಿರುವುದಿಲ್ಲ. ಸೀಳು ತುಟಿ, ಸೊಟ್ಟ ಪಾದ, ಹೃದಯದ ರಂಧ್ರ ಇಂಥವುಗಳಿಗೆ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಉಚಿತ ತಪಾಸಣೆ, ಚಿಕಿತ್ಸೆ ಇದೆ. ಅಂಗನವಾಡಿಗೆ ಬರುವ ತಂಡಕ್ಕೆ ಮಗುವನ್ನು ತೋರಿಸಿ.

ಇನ್ನು ಸಿಂಪಡಣೆಯ ಕಾಲದಲ್ಲಿ ಹುಟ್ಟಿದವರು. 1990ರ ದಶಕದ ಆ ಮಕ್ಕಳು ಈಗ 30ರ ಆಸುಪಾಸಿನವರು, ಎತ್ತಿ ಸ್ನಾನ ಮಾಡಿಸುವ ತಾಯಂದಿರು ಮುಪ್ಪಿಗೆ ಬಂದಿದ್ದಾರೆ. ಕೊಕ್ಕಡದಲ್ಲಿ, ಕೊಯಿಲದಲ್ಲಿ ಹಗಲು ಪಾಲನಾ ಕೇಂದ್ರ ನಡೆದಿದೆ. ಸಂಜೆಯಾದರೆ ಮಕ್ಕಳು ಮನೆಗೆ ಬರಬೇಕು, ರಾತ್ರಿ ಆ ತಾಯಿಯೇ ಎದ್ದು ಮಗ್ಗುಲು ಬದಲಿಸಬೇಕು. ಅವಳ ಕೈಯಲ್ಲಿ ಆಗದ ದಿನಕ್ಕೆ ಈ ಮಕ್ಕಳು ಉಳಿಯಬಹುದಾದ ಶಾಶ್ವತ ಪುನರ್ವಸತಿ ಕೇಂದ್ರ ಬೇಕು ಎಂದು ಅಲ್ಲಿನ ಜನ ವರ್ಷಗಳಿಂದ ಕೇಳುತ್ತಿದ್ದಾರೆ. ಬಂಟ್ವಾಳದವರು, ಮೂಡುಬಿದಿರೆಯವರು, ಗೇರು ಬೀಜ ತಿನ್ನುವ ನಾವೆಲ್ಲರೂ ಆ ಬೇಡಿಕೆಗೆ ದನಿ ಸೇರಿಸಬೇಕೆಂದು ಕೇಳಿಕೊಳ್ಳುತ್ತೇನೆ.